ಕಿವಿಗೆ ಎರಡು ಸಿಂಬೆ

ನನ್ನ ಎರಡೂ ಕಿವಿಗಳ ಹಿಂದೆ, ಎಲುಬಿನ ಮೇಲೆ, ಒಂದೊಂದು ಸಣ್ಣ ಕಪ್ಪು ಕಲೆಯಿದೆ. ನೋಡಿದವರು ಮಚ್ಚೆ ಅಂದುಕೊಳ್ಳುತ್ತಾರೆ. ಮಚ್ಚೆಯೂ ಅಲ್ಲ, ಮಣ್ಣೂ ಅಲ್ಲ, ಹೆಡ್‌ಫೋನಿನ ಉಪಕಾರ ಅದು. ತೊಂಬತ್ತರ ದಶಕದ ಕೊನೆಗೆ ಎರಡು ವರ್ಷ, ಶಿರಸಿಯ ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ, ಊಟವಾದ ಮೇಲೆ ದಿನಕ್ಕೆ ನಾಲ್ಕು ತಾಸು ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಶೋಕಿಗಲ್ಲ ಮತ್ತೆ. ನಮ್ಮ ಅತ್ತೆಯ ಹಾಡುಗಳನ್ನು ಕ್ಯಾಸೆಟ್ಟಿನಿಂದ ಕೇಳಿ ಪಟ್ಟಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆದಿಳಿಸುವುದಕ್ಕೆ. ಅತ್ತೆಯೆಂದರೆ ಗಂಡನ ತಾಯಿ. ನಾನು ಹನ್ನೊಂದು ವರ್ಷ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದ ಹೆಂಗಸು.

ಸಿಟ್ಟು ಯಾಕೆಂದು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಕತೆ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಮದುವೆಮನೆಯ ಒಂದೊಂದು ಕೆಲಸಕ್ಕೂ ಹೆಂಗಸರ ಹಾಡು ಉಂಟು. ಅರಿಶಿನ ಕುಟ್ಟುವುದಕ್ಕೆ, ನೀರು ತರುವುದಕ್ಕೆ, ಮದುಮಗಳ ತಲೆ ಬಾಚುವುದಕ್ಕೆ, ಆರತಿಗೆ, ಬೀಗರಿಗೆ ಬಡಿಸುವುದಕ್ಕೆ. ಹಾಡುವ ಧಾಟಿಗೆ ನಾವು ದಾಟಿ ಎಂದೇ ಅನ್ನುವುದು. ಸಿದ್ದಾಪುರದ ಬದಿಗೊಂದು ದಾಟಿ, ಯಲ್ಲಾಪುರದ ಬದಿಗೊಂದು. ಅತ್ತೆ ಸಿದ್ದಾಪುರದವರು. ನಾನು ಯಲ್ಲಾಪುರದಿಂದಲೂ ಆಚೆ, ಅರಬೈಲ್ ಘಟ್ಟದ ಹತ್ತಿರದವಳು. ಮದುವೆಯಾಗಿ ಬಂದು ವಾರವಾಗಿರಲಿಲ್ಲ, ಮನೆಯಲ್ಲಿ ಪೂಜೆ. ಹೊಸ ಸೊಸೆ ಒಂದು ಆರತಿ ಹಾಡು ಹೇಳಲಿ ಎಂದು ಯಾರೋ ಅಂದರು. ನಾನೂ ಕುಣಿದುಕೊಂಡು ನಮ್ಮಮ್ಮನ ದಾಟಿಯಲ್ಲಿ ಗಂಟಲು ಬಿಚ್ಚಿ ಶುರು ಮಾಡಿದೆ. ಎರಡು ಸಾಲು ಆಗಿತ್ತು, ಅಷ್ಟೇ. ತುಂಬಿದ ಮನೆಯ ಎದುರಿಗೆ ಅತ್ತೆ ಅಂದರು:

“ಸಾಕು ಬಿಡು ತಂಗಿ, ನಿಂಗಳ ಯಲ್ಲಾಪುರದ ದಾಟಿಗೆ ಆರತಿ ದೀಪವೇ ನಂದಿ ಹೋಗ್ತು!”

ಎಲ್ಲರೂ ನಕ್ಕರು. ಗಂಡನೂ ನಕ್ಕರು, ನಾನು ನೋಡಿದ್ದೇನೆ. ಅತ್ತೆಗೆ ಅದು ತಮಾಷೆ, ಮರುಕ್ಷಣಕ್ಕೆ ಮರೆತೂಬಿಟ್ಟಿರಬೇಕು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಈ ಮನೆಯಲ್ಲಿ ಇನ್ನು ಹಾಡಿಗೆ ಬಾಯಿ ತೆರೆದರೆ ಕೇಳಿ ಎಂದು ಅವತ್ತೇ ತೀರ್ಮಾನ ಮಾಡಿದೆ. ಹಟಮಾರಿ ಎಂದು ನನಗೆ ತವರಲ್ಲಿ ಸುಮ್ಮನೆ ಹೆಸರು ಬಂದದ್ದಲ್ಲ. ನನ್ನ ಎರಡು ಮಕ್ಕಳನ್ನು ಮಲಗಿಸುವಾಗ ಕೂಡ ಜೋಗುಳ ಹೇಳಲಿಲ್ಲ. ಮಗ್ಗಿ ಹೇಳಿ ಮಲಗಿಸಿದೆ.

ಅತ್ತೆಯ ದನಿಯೋ, ಅದನ್ನು ಬೈಯಲು ನನಗೂ ಬಾಯಿ ಬರುತ್ತಿರಲಿಲ್ಲ. ಶಿರಸಿ, ಸಿದ್ದಾಪುರದ ಸುತ್ತ ಎಲ್ಲೇ ಮದುವೆಯಾಗಲಿ, ಅವರಿಗೆ ಕರೆ ಬರುತ್ತಿತ್ತು. ಕಣ್ಣು ಮುಚ್ಚಿ ಶುರು ಮಾಡಿದರೆ ಅಡುಗೆಯವರು ಸಟ್ಟುಗ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಿವೃತ್ತರಾದ ಒಬ್ಬ ಕಾಲೇಜು ಮೇಷ್ಟ್ರು ಒಂದು ಬೇಸಿಗೆಯಿಡೀ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಹೊತ್ತು ತಂದು ಅವರ ಹಾಡುಗಳನ್ನು ತುಂಬಿಸಿಕೊಂಡರು. ಪುಸ್ತಕ ಮಾಡಬೇಕೆಂಬುದು ಅವರ ಆಸೆ. ಮರುವರ್ಷ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು, ಆಪರೇಶನ್ ಆಯಿತು, ಜೀವ ಉಳಿಯಿತು. ದನಿ ಉಳಿಯಲಿಲ್ಲ. ಬರೀ ಪಿಸುಮಾತು. ಸಾವಿರ ಜನರ ಚಪ್ಪರ ತುಂಬುತ್ತಿದ್ದ ದನಿ, ಒಲೆಯ ಎದುರಿಗೆ ಕೂತು “ಉಪ್ಪು” ಅಂದರೆ ಪಕ್ಕದಲ್ಲಿದ್ದ ನನಗೆ ಕೇಳಿಸುತ್ತಿರಲಿಲ್ಲ. ನನ್ನ ಸಿಟ್ಟು ಆಗಲೂ ಪೂರ್ತಿ ಹೋಗಲಿಲ್ಲ. ಅದರ ಪಕ್ಕದಲ್ಲೇ ಅಯ್ಯೋ ಪಾಪ ಎನ್ನುವುದೊಂದು ಬಂದು ಕೂತಿತು.

ಬರೆದಿಳಿಸುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಒಂದೊಂದು ಹಾಡಿನ ಕೆಳಗೂ ಅದರ ದಾಟಿ ಯಾವ ಬದಿಯದು ಎಂದು ಬರೆಯಬೇಕೆಂದು ಮೇಷ್ಟ್ರು ಹೇಳಿದ್ದರು. ಹಾಡಲು ಬಾರದವಳು ಬರೆದು ತೋರಿಸುತ್ತೇನೆ ಎಂದು ನಾನೂ ಒಪ್ಪಿಕೊಂಡೆ. ಒಂದೇ ಒಂದು ತೊಡಕಿತ್ತು, ಅದೇ ದೊಡ್ಡದು. ಹೆಣ್ಣು ಒಪ್ಪಿಸುವ ಹಾಡು ಅತ್ತೆಯ ಹಾಡುಗಳಿಗೆಲ್ಲ ತಲೆಮಣಿ. ಅದಕ್ಕೆ ಎರಡು ಭಾಗ. ಮೊದಲ ಅರ್ಧದಲ್ಲಿ ಮದುಮಗಳ ತಾಯಿ ಮಗಳನ್ನು ಬೀಗಿತಿಯ ಕೈಗೆ ಒಪ್ಪಿಸುತ್ತಾಳೆ. ಉಳಿದ ಅರ್ಧದಲ್ಲಿ ಗಂಡಿನ ತಾಯಿ ಸೊಸೆಯನ್ನು ಒಪ್ಪಿಕೊಳ್ಳುತ್ತಾಳೆ. ಮೊದಲ ಅರ್ಧ ಮುಗಿಯುವಾಗ ಕ್ಯಾಸೆಟ್ಟೂ ಮುಗಿದಿತ್ತು. ಕಣ್ಣು ಮುಚ್ಚಿದ್ದ ಅತ್ತೆಗೂ ತಿಳಿಯಲಿಲ್ಲ, ತಲೆದೂಗುತ್ತಿದ್ದ ಮೇಷ್ಟ್ರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಹಾಡಿಸಿಕೊಂಡರಾಯಿತು ಎಂದು ಬಿಟ್ಟಿದ್ದರು.

“ಕೊಟ್ಟವ್ರ ಮಾತು ಮಾತ್ರ ಇದ್ದು, ತಗಂಡವ್ರ ಮಾತೇ ಇಲ್ಲೆ. ಇದ್ನ ಹೇಂಗೆ ಅಚ್ಚು ಹಾಕ್ಸದು?” ಎಂದು ಮೇಷ್ಟ್ರು ಹಣೆ ಒತ್ತಿಕೊಂಡರು. ಸಿದ್ದಾಪುರದ ಕಡೆ ನಾಲ್ಕು ಮನೆ ತಿರುಗಿ ವಿಚಾರಿಸಿದರು. ಒಬ್ಬರಿಗೆ ಒಂದು ನುಡಿ ಗೊತ್ತು, ಇನ್ನೊಬ್ಬರಿಗೆ ಅದೂ ಇಲ್ಲ. ಅತ್ತೆಯ ಜೊತೆ ಹಾಡುತ್ತಿದ್ದ ಹೆಂಗಸು ತೀರಿಹೋಗಿದ್ದರು. ಪೂರ್ತಿ ಇದ್ದದ್ದು ಅತ್ತೆಯ ತಲೆಯಲ್ಲಿ ಮಾತ್ರ.

ಹಾಗಾದರೆ ಅತ್ತೆ ಪಿಸುಮಾತಲ್ಲೇ ಹೇಳಬಹುದಿತ್ತಲ್ಲ, ಓದು ಬರಹ ಗೊತ್ತಿದ್ದವರು ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ಅವರು ಪೆನ್ಸಿಲ್ ಹಿಡಿದು ಗೋಡೆ ನೋಡುತ್ತ ಕೂತರು. ಎರಡು ಪದ ಬರೆದರು, ಹೊಡೆದು ಹಾಕಿದರು. ಆಮೇಲೆ ಪಟ್ಟಿ ನೂಕಿಬಿಟ್ಟರು.

“ಹೇಳು ಅಂದ್ರೆ ಬತ್ತಿಲ್ಲೆ. ಹಾಡಿದ್ರೆ ಬತ್ತು. ಹಾಡಲೆ ದನಿ ಇಲ್ಲೆ. ಆನು ಎಂತ ಮಾಡ್ಲಿ ತಂಗಿ?”

ಆಗ ಅವರ ಕಣ್ಣಲ್ಲಿ ನೀರಿತ್ತು. ಜೀವಮಾನವಿಡೀ ದಾಟಿಯ ಜೊತೆಗೇ ಬಾಯಿಗೆ ಬಂದ ಪದಗಳು, ದಾಟಿ ಹೋದ ಮೇಲೆ ಒಂಟಿಯಾಗಿ ಬರಲು ಒಪ್ಪುತ್ತಿರಲಿಲ್ಲ. ಕ್ಯಾಸೆಟ್ ಹಾಕಿ ಕೇಳಿಸಿದರೆ ಅದರ ಜೊತೆ ತುಟಿ ಆಡಿಸುತ್ತಿದ್ದರು. ಕ್ಯಾಸೆಟ್ ನಿಂತಲ್ಲಿ ಅವರ ತುಟಿಯೂ ನಿಲ್ಲುತ್ತಿತ್ತು. ಅದನ್ನು ನೋಡುವುದು ಬಹಳ ಕಷ್ಟದ್ದಾಗಿತ್ತು.

ಸರಿ, ಇದ್ದದ್ದನ್ನಾದರೂ ಬರೆಯೋಣವೆಂದು ಶುರು ಮಾಡಿದೆ. ಟೇಪಿನ ಸ್ಪೀಕರಿನಲ್ಲಿ ಕೇಳಿದರೆ ಅರ್ಧ ಪದ ತಿಳಿಯುವುದಿಲ್ಲ, ಬೀದಿಯಲ್ಲಿ ಬಸ್ಸಿನ ಹಾರ್ನು, ಒಳಗೆ ಕುಕ್ಕರಿನ ಸೀಟಿ. ಅದಕ್ಕೇ ಹೆಡ್‌ಫೋನ್. ಮೊದಲಿನದು ತಮ್ಮನ ವಾಕ್‌ಮನ್ ಜೊತೆ ಬಂದದ್ದು, ತೆಳ್ಳಗಿನ ಸ್ಪಂಜಿನದು. ಕಿವಿಯ ಮೇಲೆ ಕೂರುತ್ತಿತ್ತು. ನನ್ನ ಕಿವಿಯಲ್ಲಿ ತವರಿನ ಬೆಂಡೋಲೆ, ಅದರ ತಿರುಪು ಹಿಂದಿನ ಎಲುಬಿಗೆ ಒತ್ತಿ ಒಂದು ಹಾಡು ಮುಗಿಯುವುದರೊಳಗೆ ಕಣ್ಣಲ್ಲಿ ನೀರು. ಓಲೆ ಬಿಚ್ಚಿಟ್ಟು ಕೂತೆ. ಅತ್ತೆ ನೋಡಿದರು.

“ಬೋಳು ಕಿವಿಲಿ ಇಪ್ಲಾಗ.”

ಪಿಸುಮಾತಾದರೂ ಕೋರ್ಟಿನ ತೀರ್ಪು ಅದು. ಮತ್ತೆ ಓಲೆ ಹಾಕಿಕೊಂಡೆ. ಗಂಡ ಹುಬ್ಬಳ್ಳಿಗೆ ಹೋದಾಗ ಇನ್ನೊಂದು ತಂದರು, ದೊಡ್ಡದು, ರೆಕ್ಸಿನ್ನಿನದು. ಅಬ್ಬಬ್ಬಾ, ಅದರ ಹಿಡಿತವೇ! ತಲೆಯನ್ನು ಅಡಕತ್ತರಿಯಲ್ಲಿ ಇಟ್ಟ ಹಾಗೆ. ಏಪ್ರಿಲ್ ಸೆಕೆಗೆ ರೆಕ್ಸಿನ್ ಕಿವಿಗೆ ಅಂಟಿ, ತೆಗೆಯುವಾಗ ಚರ್ರೆನ್ನುತ್ತಿತ್ತು. ನನ್ನ ಕನ್ನಡಕದ ಕಡ್ಡಿ ಬೇರೆ ಕಿವಿಯ ಬುಡಕ್ಕೆ ಕೊರೆಯುತ್ತಿತ್ತು. “ಇಷ್ಟು ಚೊಲೋ ತಂದ್ರೂ ನಿಂಗೆ ಆಗ್ತಿಲ್ಲೆ” ಎಂದು ಗಂಡ ಗೊಣಗಿದರು. “ನಿಂಗ ಓಲೆ ಹಾಕ್ಯಂಡು ಒಂದ್ಸಲ ಕೂತ್ಕಂಡು ನೋಡಿ” ಎಂದೆ. ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಹೋದದ್ದು ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದ ಸಾಹೇಬರ ಅಂಗಡಿಗೆ. ಬಿಳಿ ಗಡ್ಡ, ಹುಬ್ಬಿನ ಮೇಲೆ ಕನ್ನಡಕ. ನಾನು ಹೇಳಿದ್ದನ್ನೆಲ್ಲ ಕೇಳಿ, ನನ್ನ ಹೆಡ್‌ಫೋನನ್ನು ತಿರುಗಿಸಿ ನೋಡಿ, ಅದಕ್ಕೇ ಬೈದರು.

“ಅಕ್ಕಾರ, ಇದು ಕಿವಿ ಮ್ಯಾಲೆ ಕೂಡ್ತೈತ್ರಿ. ತಾಸುಗಟ್ಟಲೆ ಕೇಳಾಕ ಕಿವಿ ಸುತ್ತ ಕೂಡೋದು ಬೇಕ್ರಿ. ಕಿವಿಗೆ ಗೊತ್ತಾಗಬಾರ್ದು, ತನ್ನ ಮ್ಯಾಲೆ ಏನರ ಐತಿ ಅಂತ.”

ಅವರ ಭಾವಮೈದ ಯಲ್ಲಾಪುರದಲ್ಲಿ ಲಾರಿ ಓಡಿಸುತ್ತಿದ್ದ. ಮುಂಬೈಯಿಂದ ಬರುವಾಗ ಹಳೆಯ ಸಾಮಾನು ಚೀಲಗಟ್ಟಲೆ ತರುತ್ತಿದ್ದ. ಆ ಚೀಲದೊಳಗಿಂದ ಸಾಹೇಬರು ಒಂದನ್ನು ಎಳೆದು ತೆಗೆದರು. ಎರಡು ಬಟ್ಟಲು ಜೋಡಿಸಿದ ಹಾಗಿತ್ತು, ಕಿವಿ ಓಲೆಯ ಸಮೇತ ಒಳಗೆ ಹೋಗುವಷ್ಟು ಅಗಲ. ಮೆತ್ತೆ ಮಾತ್ರ ಹರಿದು ಪುಡಿಯಾಗಿತ್ತು. ಸಾಹೇಬರು ತಂತಿ ಬೆಸೆದು ಕೊಟ್ಟರು.

“ಹಿಡಿತ ಸಡ್ಲ ಆಗಾಕ ಒಂದು ಎಂಟು ದಿನ ದೊಡ್ಡ ಡಬ್ಬಿ ಮ್ಯಾಲೆ ಹಾಕಿ ಇಡ್ರಿ. ಮೆತ್ತಿ ನೀವ ಮಾಡ್ಕೋಬೇಕ್ರಿ. ರೆಕ್ಸಿನ್ ಬ್ಯಾಡ, ಮೆತ್ತನ ಅರಿವಿ ಹಾಕ್ರಿ.”

ಎಂಟು ದಿನ ಅದು ನಮ್ಮ ಅಡುಗೆಮನೆಯಲ್ಲಿ ಅವಲಕ್ಕಿ ಡಬ್ಬದ ತಲೆಯ ಮೇಲೆ ಕೂತಿತ್ತು. ಮಕ್ಕಳು ಡಬ್ಬದೊಂದಿಗೆ ಮಾತಾಡಿದರು. ಮೆತ್ತೆಗೆ ಏನು ಮಾಡುವುದೆಂದು ನಾನು ಸ್ಪಂಜು ಕತ್ತರಿಸುತ್ತ ಒದ್ದಾಡುವಾಗ ಅತ್ತೆ ಬಂದು ಅದನ್ನು ಕಸಿದುಕೊಂಡರು.

“ಆನು ಸಿಂಬೆ ಮಾಡಿ ಕೊಡ್ತೆ.”

ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಇಟ್ಟುಕೊಳ್ಳುವ ಬಟ್ಟೆಯ ಸುತ್ತೇ ಸಿಂಬೆ. ಅವರ ಹಳೆಯ ನೂಲಿನ ಸೀರೆ, ಒಗೆದೊಗೆದು ಬೆಣ್ಣೆಯಾದದ್ದು, ಅದನ್ನು ಹರಿದರು. ಒಳಗೆ ಬೂರುಗದ ಹತ್ತಿ ತುಂಬಿದರು. ಅಳತೆಗೆಂದು ನನ್ನ ಕೂದಲು ಸರಿಸಿ, ಕಿವಿಯ ಸುತ್ತ ಬೆರಳು ಆಡಿಸಿದರು. ತಿರುಪು ಒತ್ತಿ ಹುಣ್ಣಾದ ಜಾಗ ಕೈಗೆ ಸಿಕ್ಕಿತು. ಅಲ್ಲಿ ಬೆರಳು ನಿಂತಿತು. “ಥೋ, ಇಷ್ಟಾಪ್ಪಲ್ಲಿವರೆಗೆ ಸುಮ್ನೆ ಇದ್ಯನೇ?” ಎಂದು ಬೈದು ಕೊಬ್ಬರಿ ಎಣ್ಣೆ ಹಚ್ಚಿದರು. ಹನ್ನೊಂದು ವರ್ಷದಲ್ಲಿ ಅವರು ನನ್ನ ತಲೆ ಮುಟ್ಟಿದ್ದು ಅದೇ ಮೊದಲು. ಮರುದಿನ ಎರಡು ಪುಟ್ಟ ಸಿಂಬೆಗಳು ಬಟ್ಟಲುಗಳ ಬಾಯಿಗೆ ಹೊಲಿದು ಸಿದ್ಧವಾಗಿದ್ದವು.

ಹಾಕಿಕೊಂಡೆ. ದೇವರೇ! ಬಸ್ಸಿಲ್ಲ, ಕುಕ್ಕರಿಲ್ಲ, ಶಿರಸಿಯೇ ಇಲ್ಲ. ನೋವಿಲ್ಲ, ಭಾರವಿಲ್ಲ. ಅತ್ತೆಯ ದನಿ ಎಲ್ಲಿಂದಲೋ ಬರಲಿಲ್ಲ, ನನ್ನ ತಲೆಯೊಳಗೇ ಎದ್ದಿತು. ಚಪ್ಪರದಲ್ಲಿ ಎಷ್ಟೋ ಸಲ ಕೇಳಿದ ದನಿಯೇ, ಆದರೆ ಇಷ್ಟು ಹತ್ತಿರ ಯಾರ ದನಿಯನ್ನೂ ನಾನು ಕೇಳಿರಲಿಲ್ಲ. ಸಾಲಿನ ನಡುವೆ ಉಸಿರು ಎಳೆಯುವುದು ಕೇಳುತ್ತಿತ್ತು. ಬಳೆ ಸರಿಯುವುದು ಕೇಳುತ್ತಿತ್ತು. ಬೀಗರನ್ನು ಗೇಲಿ ಮಾಡುವ ಹಾಡಿನಲ್ಲಿ ಅವರು ನಗು ತಡೆದುಕೊಂಡು ಹಾಡುತ್ತಿದ್ದರು, ಆ ನಗುವೂ ಕೇಳಿಸಿತು! ಒಂದು ಹಾಡಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು, ಒಂದು ಚೀಟಿ ನೋಡದೆ, ಒಂದು ಪದ ತಡವರಿಸದೆ. ಇಷ್ಟೆಲ್ಲ ಇಟ್ಟುಕೊಂಡ ತಲೆಗೆ ದಿನಾ ನಾನು ಅನ್ನ ಸಾರು ಬಡಿಸುತ್ತಿದ್ದೆ, ಒಮ್ಮೆಯೂ ನಿಂತು ನೋಡಿರಲಿಲ್ಲ. ಬೆರಗಾಗಿ ಪೆನ್ಸಿಲ್ ಕೆಳಗಿಟ್ಟುಬಿಟ್ಟೆ.

ಇನ್ನೊಂದು ಕೇಳಿಸಿತು. ತಲೆ ಬಾಚುವ ಹಾಡಿನ ನಡುವೆ ಠಕ್ಕೆಂದು ಲೋಟ ಕುಕ್ಕಿದ ಸದ್ದು. ಹಿಂದೆ ತಿರುಗಿಸಿ ಮತ್ತೆ ಕೇಳಿದೆ. ಕುಕ್ಕಿದವಳು ನಾನೇ. ಮೇಷ್ಟ್ರಿಗೆ ಚಹಾ ತಂದಿಟ್ಟಿದ್ದೆ, ಅತ್ತೆಯನ್ನು ಎಲ್ಲರೂ ಹೊಗಳುವುದು ಕೇಳಿ ಹೊಟ್ಟೆ ಉರಿದು ಹಾಗೆ ಇಟ್ಟಿದ್ದೆ. ಯಾರಿಗೂ ತಿಳಿಯಲಿಲ್ಲ ಅಂದುಕೊಂಡಿದ್ದೆ. ಆ ಠಕ್ಕಿನ ಮರುಗಳಿಗೆ ಅತ್ತೆಯ ದನಿ ಒಂದು ಕೂದಲೆಳೆಯಷ್ಟು ನಡುಗಿ, ಸಾವರಿಸಿಕೊಂಡು ಮುಂದೆ ಹೋಗುತ್ತದೆ. ಅಂದರೆ ಅವರಿಗೆ ತಿಳಿದಿತ್ತು. ನನಗೆ ನಾಚಿಕೆಯಾಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಹೀಗೆ ಮಳೆಗಾಲ ಕಳೆಯಿತು, ಪಟ್ಟಿಗಳು ತುಂಬಿದವು, ಕಡೆಗೆ ಆ ಅರ್ಧ ಹಾಡಿನ ಸರದಿ ಬಂತು. ಇದ್ದ ಅರ್ಧವನ್ನಾದರೂ ತಪ್ಪಿಲ್ಲದೆ ಬರೆಯೋಣವೆಂದು ಒಂದು ಮಧ್ಯಾಹ್ನ ಹತ್ತು ಸಲ ಹಿಂದೆ ಮುಂದೆ ಮಾಡಿ ಕೇಳಿದೆ. ಮಕ್ಕಳು ಶಾಲೆಗೆ, ಗಂಡ ಸೊಸೈಟಿಯ ಕೆಲಸಕ್ಕೆ, ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ತಾಯಿ ಹೇಳುವ ಕೊನೆಯ ನುಡಿ ಇದು:

ಹಾಲು ಕಾಸಲು ಬಲ್ಲಳು ಮಗಳು
ಉಕ್ಕುವ ಮುಂಚೆ ಇಳಿಸಲರಿಯಳು
ಬೈಯದೆ ಕಲಿಸಿರಿ ಬೀಗಿತಿಯೆ

ಅಲ್ಲಿಗೆ ಕ್ಯಾಸೆಟ್ ಮುಗಿಯುತ್ತದೆ. ನಾನು ಕಣ್ಣು ಮುಚ್ಚಿ ಆ ಮೂರು ಸಾಲನ್ನು ಬಾಯಲ್ಲಿ ತಿರುಗಿಸುತ್ತಿದ್ದೆ. ನಮ್ಮಮ್ಮ ನೆನಪಾದಳು. ನನ್ನನ್ನು ಕಳಿಸಿಕೊಡುವ ದಿನ ಅವಳೂ ಹೀಗೇ ಏನೋ ಹಾಡಿದ್ದಳು, ಅಳುವಿನಲ್ಲಿ ಒಂದು ಪದವೂ ನನ್ನ ಕಿವಿಗೆ ಹೋಗಿರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಸಾಹೇಬರು ಹೇಳಿದ ಹಾಗೆಯೇ ಆಗಿತ್ತು, ಕಿವಿಯ ಮೇಲೆ ಏನೋ ಇದೆಯೆಂಬುದೇ ನನಗೆ ಮರೆತುಹೋಗಿತ್ತು. ಕಣ್ಣು ಬಿಟ್ಟರೆ ಎದುರಿಗೆ ಅತ್ತೆ ನಿಂತಿದ್ದಾರೆ. ಬಾಗಿಲಲ್ಲಿ ಪಕ್ಕದ ಮನೆಯವಳು, ಹಾವೇರಿ ಕಡೆಯ ಕಂಡಕ್ಟರರ ಹೆಂಡತಿ, ಕಣ್ಣು ಪಿಳಿಪಿಳಿ ಬಿಡುತ್ತಿದ್ದಾಳೆ.

ಗಾಬರಿಯಾಗಿ ಹೆಡ್‌ಫೋನ್ ತೆಗೆದೆ. ಕ್ಯಾಸೆಟ್ ಯಾವಾಗಲೋ ನಿಂತಿದೆ. ಮನೆಯಲ್ಲಿ ದೊಡ್ಡ ದನಿಯಲ್ಲಿ ಒಂದು ಹಾಡು ನಡೆಯುತ್ತಿದೆ, ಹಾಡುತ್ತಿರುವುದು ನನ್ನ ಬಾಯಿ.

“ಯಾರ್ದ್ರಿ ಮದುವಿ? ಓಣಿ ತುಂಬ ಕೇಳಾಕತ್ತೈತಿ, ನಮಗ ಹೇಳ್ಲೇ ಇಲ್ಲಲ್ರಿ!” ಎಂದಳು ಪಕ್ಕದ ಮನೆಯವಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹನ್ನೊಂದು ವರ್ಷದ ಹಟ, ಇಡೀ ಓಣಿಗೆ ಕೇಳುವ ಹಾಗೆ ಮುರಿದುಬಿದ್ದಿತ್ತು. ಅದೂ ಮದುವೆಯಿಲ್ಲದ ಮನೆಯಲ್ಲಿ ಹೆಣ್ಣು ಒಪ್ಪಿಸುವ ಹಾಡು! ಇನ್ನು ಅತ್ತೆ ಏನು ಅನ್ನುತ್ತಾರೋ ಎಂದು ಬಾಯಿ ಮುಚ್ಚಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ನಿಲ್ಲಿಸಡ. ಹಾಡು. ಬಪ್ಪಲೆ ಹಿಡದ್ದು. ಹಾಡು ತಂಗಿ, ನಿಲ್ಲಿಸಡ!”

ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಅದೇ ಹಾಲಿನ ನುಡಿಯನ್ನು ಮತ್ತೆ ಎತ್ತಿದೆ. ನಾಚಿಕೆಗೆ ದನಿ ಬಿರುಕು ಬಿಡುತ್ತಿತ್ತು. ಅತ್ತೆ ಕಣ್ಣು ಮುಚ್ಚಿದರು. ನನ್ನ ಮೂರನೆಯ ಸಾಲು ಮುಗಿದದ್ದೇ ತಡ, ನನ್ನ ಹಾಡಿನ ನಡಿಗೆ ತಪ್ಪದೆ, ಪಿಸುಮಾತಲ್ಲಿ ಅವರ ಬಾಯಿಂದ ಬಂತು:

ಉಕ್ಕಿದ ಹಾಲು ಒಲೆಯ ಪಾಲು
ಉಳಿದ ಹಾಲು ಮನೆಯ ಪಾಲು
ಬೈಯೆವು ನಿಮ್ಮ ಮಗಳ ಬೀಗಿತಿಯೆ

ಆ ಮೂರು ಸಾಲನ್ನು ನಾನು ಹಾಡಿದೆ. ಅದರ ಬೆನ್ನಿಗೇ ಅವರು ಮುಂದಿನ ನುಡಿ ಕೊಟ್ಟರು. ನಾನು ನಿಲ್ಲಿಸಿದರೆ ಅವರದೂ ನಿಲ್ಲುತ್ತಿತ್ತು, ಆದ್ದರಿಂದ ಒಂದೊಂದು ನುಡಿಯನ್ನೂ ಎರಡೆರಡು ಸಲ ಹಾಡುತ್ತ, ಹಾಡುತ್ತಲೇ ಪಟ್ಟಿಯಲ್ಲಿ ಗೀಚಿದೆ. ದುಂಡಗಿನ ಅಕ್ಷರವೆಲ್ಲ ಕಾಗೆ ಕಾಲಾಯಿತು. ಏಳು ನುಡಿ ಬಂದವು. ಎಲ್ಲಿದ್ದವು ಅವು ಅಷ್ಟು ದಿನ? ಮುಗಿಯುವ ಹೊತ್ತಿಗೆ ಇಬ್ಬರೂ ಅಳುತ್ತಿದ್ದೆವು. ಮದುವೆ ಯಾರದೆಂದು ಇನ್ನೂ ತಿಳಿಯದ ಪಕ್ಕದ ಮನೆಯವಳೂ ಹೊಸ್ತಿಲ ಮೇಲೆ ಕೂತು ಸೆರಗಿಗೆ ಮೂಗೊರೆಸಿಕೊಳ್ಳುತ್ತಿದ್ದಳು.

ಹಟಮಾರಿತನ ಅಷ್ಟಕ್ಕೆ ಸುಮ್ಮನಿರುತ್ತದೆಯೇ? ಕಣ್ಣೊರೆಸಿಕೊಂಡು ಕೇಳಿಯೇಬಿಟ್ಟೆ.

“ಅತ್ತೆ, ದೀಪ ನಂದಿದ್ದಿಲ್ಯಾ?”

ಅವರು ನನ್ನ ಮುಖ ನೋಡಿದರು. ಮರೆತಿರಲಿಲ್ಲ.

ಹೊಸ ಪುಟದಲ್ಲಿ ಹಾಡನ್ನು ಪೂರ್ತಿ ಶುದ್ಧವಾಗಿ ಬರೆದು, ಎಲ್ಲ ಹಾಡುಗಳ ಕೆಳಗೆ ಬರೆದಿದ್ದಂತೆ ಇದರ ಕೆಳಗೂ ‘ದಾಟಿ: ಸಿದ್ದಾಪುರದ್ದು’ ಎಂದು ಬರೆದೆ. ಕ್ಯಾಸೆಟ್ಟಿನಲ್ಲಿ ಇದ್ದದ್ದು ಅದೇ. ಅತ್ತೆ ಪೆನ್ಸಿಲ್ ಕೇಳಿದರು. ಕ್ಯಾಸೆಟ್ ನಿಂತ ಮೇಲೆ ನಾನು ಯಾವ ದಾಟಿಯಲ್ಲಿ ಹಾಡಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಸಿದ್ದಾಪುರದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಒಂದೊಂದೇ ಅಕ್ಷರವನ್ನು ಒತ್ತಿ ಬರೆದರು: ಯಲ್ಲಾಪುರದ್ದು.